ಮಾವನ ಕಾರಿನ ಹಿಂದಿನ ಬಾಗಿಲು

ನಮ್ಮ ಸೋದರಮಾವ ದೆವ್ವಕ್ಕೆ ಹೆದರುವವನಲ್ಲ. ದೆವ್ವಗಳೇ ಅವನನ್ನು ಕಂಡರೆ ದಾರಿ ಬದಲಿಸುತ್ತವೆ ಎಂಬ ಮಾತು ನ್ಯಾಮತಿಯಲ್ಲಿದೆ. ಯಾಕೆನ್ನುತ್ತೀರಿ? ಅಪ್ಪಿತಪ್ಪಿ ಕೈಗೆ ಸಿಕ್ಕರೆ ದೆವ್ವವನ್ನೂ ನಿಲ್ಲಿಸಿಕೊಂಡು, ಅದರ ಸುತ್ತ ಒಂದು ಪ್ರದಕ್ಷಿಣೆ ಬಂದು, ಒಂದು ಕಣ್ಣು ಮುಚ್ಚಿ ಮೇಲಿಂದ ಕೆಳಗಿನವರೆಗೆ ಅಳೆದು, "ನಿನ್ನ ಚಾಸಿ ನೆಟ್ಟಗಿಲ್ಲ ಕಣೋ" ಎಂದುಬಿಡುತ್ತಾನೆ! ಸತ್ತ ಮೇಲೂ ಇಂಥ ಮಾತು ಕೇಳಿಸಿಕೊಳ್ಳಲು ಯಾವ ದೆವ್ವ ತಾನೇ ನಿಲ್ಲುತ್ತದೆ?

ನಗಬೇಡಿ. ನಾನೂ ಮೊದಮೊದಲು ನಕ್ಕವಳೇ. ನಾನು ಜಗಳೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳುವವಳು. ದೆವ್ವ ಇಲ್ಲ, ಮಾಟ ಇಲ್ಲ, ಗಾಳಿ ಸೋಕುವುದಿಲ್ಲ ಎಂದು ತಿಂಗಳು ತಿಂಗಳು ಸಂಬಳ ತೆಗೆದುಕೊಂಡು ಹೇಳುತ್ತೇನೆ. ಅಂಥ ನನ್ನ ಬಾಯಿಂದ, ಹಾಡಹಗಲು, ಹೊನ್ನಾಳಿಯ ದಾರಿಯಲ್ಲಿ, ನನಗೇ ಮರೆತುಹೋಗಿದ್ದ ದೇವರ ಹೆಸರುಗಳೆಲ್ಲ ಒಂದರ ಹಿಂದೊಂದು ಹೊರಬಿದ್ದವು. ಅದಕ್ಕೆ ಕಾರಣ ನಮ್ಮ ಮಾವ, ಅವನ ಕಾರು, ಮತ್ತು ಆ ಕಾರಿನ ಎಡಗಡೆಯ ಹಿಂದಿನ ಬಾಗಿಲು.

ಮಾವ ಅಮ್ಮನ ತಮ್ಮ. ನ್ಯಾಮತಿಯಲ್ಲಿ ಮೆಕ್ಕೆಜೋಳದ ವ್ಯಾಪಾರ. ದೊಡ್ಡದೊಂದು ಗೋದಾಮು, ಅದರ ಅರ್ಧದಲ್ಲಿ ಜೋಳದ ಮೂಟೆ, ಇನ್ನರ್ಧದಲ್ಲಿ ಕಾರು. ರೈತರು ಜೋಳ ತಂದರೆ ಬೇರೆ ವ್ಯಾಪಾರಿಗಳು ಕಾಳು ಕಚ್ಚಿ ತೇವ ನೋಡುತ್ತಾರೆ. ನಮ್ಮ ಮಾವ ಟ್ರೇಲರಿನ ಕೆಳಗೆ ನುಸುಳುತ್ತಾನೆ. "ಇದ್ಯಾಕೆ ಹಿಂಗೆ ಸೊಟ್ಟ ಆಗೈತೆ? ಗುಂಡಿಯಾಗೆ ಒಂದು ಗಾಲಿ ಇಳಿಸಿ ನಿಲ್ಲಿಸ್ತೀಯೇನು ದಿನಾ?" ಎಂದು ಬೈಯುತ್ತಾನೆ. ಚಾಸಿ ಎಂದರೆ ಗಾಡಿಯ ಬೆನ್ನೆಲುಬು. ಅದು ತಿರುಚಿಕೊಂಡರೆ ಮಾವನಿಗೆ ಮೈಯಲ್ಲಿ ಉರಿ. ಯಾರದೇ ಗಾಡಿಯಾಗಲಿ, ಸರಿಯೆ.

ಮದುವೆಯಾಗಲಿಲ್ಲ. ಅದಕ್ಕೂ ಚಾಸಿಯೇ ಕಾರಣ! ಕೆರೆಬಿಳಚಿಗೆ ಹೆಣ್ಣು ನೋಡಲು ಕರೆದುಕೊಂಡು ಹೋಗಿದ್ದರಂತೆ. ಹುಡುಗಿ ಕಾಫಿ ತಟ್ಟೆ ಹಿಡಿದು ಬಂದು ನಿಂತರೆ ವರನೇ ಇಲ್ಲ. ಹುಡುಕಿದರೆ ಅಂಗಳದಲ್ಲಿ, ಹುಡುಗಿಯ ಅಪ್ಪನ ಜೀಪಿನ ಕೆಳಗಿಂದ ಎರಡು ಕಾಲು ಕಾಣಿಸಿದವು. ಹಣೆಗೆ ಗ್ರೀಸು ಮೆತ್ತಿಕೊಂಡು ಎದ್ದು ಬಂದವನು, "ಯಜಮಾನ್ರೆ, ನಿಮ್ಮ ಜೀಪು ನಡುವಿನಾಗೆ ತಿರುಚೈತೆ. ಹಿಂಗೇ ಬಿಟ್ರೆ ಇನ್ನೊಂದು ಮಳೆಗಾಲ ತಡಿಯಂಗಿಲ್ಲ" ಎಂದ. ಅವರು ಸಮಾಧಾನದಿಂದಲೇ, "ಅದಿರ್ಲಿ, ಹುಡುಗಿ ಹೆಂಗವಳೆ ಹೇಳಪ್ಪ" ಅಂದರು. "ನೋಡಿಲ್ರೀ. ಕೆಳಗೆ ಬೆಳಕು ಕಮ್ಮಿ ಇತ್ತು" ಎಂದನಂತೆ ನಮ್ಮ ಮಾವ.

ಅವನು ಉಳಿಯಲು ಬರುತ್ತಾನೆ ಎಂದರೆ ನೆಂಟರು ಮೊದಲು ಇಟ್ಟಿಗೆಗಳನ್ನು ಬಚ್ಚಿಡುತ್ತಾರೆ. ಮಂಚದ ಒಂದು ಕಾಲಿನ ಕೆಳಗೆ ಇಟ್ಟಿಗೆ ಕೊಟ್ಟು ನೋಡುವುದು ಅವನ ಅಭ್ಯಾಸ. ಆಗ ಇನ್ನೊಂದು ಕಾಲು ಗಾಳಿಯಲ್ಲಿ ನಿಂತರೆ ಮಂಚ ಗಟ್ಟಿ. ನಾಲ್ಕೂ ಕಾಲು ಊರಿಕೊಂಡರೆ ಮಂಚವೇ ತಿರುಚಿತು ಎಂದು ಅರ್ಥ. ಜಗಳೂರಿನ ನಮ್ಮ ಮನೆಯಲ್ಲಿ ಈ ಪರೀಕ್ಷೆ ನಡೆದಾಗ ಮಂಚದ ಮೇಲೆ ನನ್ನ ಗಂಡ ಮಧ್ಯಾಹ್ನದ ನಿದ್ದೆಯಲ್ಲಿದ್ದರು. ಗಾಬರಿಯಾಗಿ ಎದ್ದು ಕೂತವರ ಬೆನ್ನು ತಟ್ಟಿ ಮಾವ ನನಗೆ ಹೇಳಿದ: "ನಿಮ್ಮನೆಯವ್ರು ಗಟ್ಟಿ ಇದಾರವ್ವ. ಮಂಚ ಬದಲಾಯಿಸು."

ಇಷ್ಟು ಶುದ್ಧಾಚಾರದ ಮನುಷ್ಯನ ಸ್ವಂತ ಕಾರು ಹೇಗಿರಬೇಕು? ಊರಿಗೆಲ್ಲ ಬುದ್ಧಿ ಹೇಳುವವನ ತಟ್ಟೆಯಲ್ಲೇ ಹೆಗ್ಗಣ ಸತ್ತಿರುತ್ತದೆ! ಅದು ಒಂದು ಕಾಲದಲ್ಲಿ ಚನ್ನಗಿರಿ ಕಡೆಯ ಅಡಿಕೆ ಸಾಹುಕಾರರೊಬ್ಬರು ತರಿಸಿಕೊಂಡಿದ್ದ ಅಮೆರಿಕದ ಕಾರು. ಕಪ್ಪು ಬಣ್ಣ. ಉದ್ದ ಎಂದರೆ ಎಷ್ಟು ಉದ್ದ! ಅದರ ಮುಂದಿನ ದೀಪ ಹೊನ್ನಾಳಿ ಮುಟ್ಟಿದಾಗ ಹಿಂದಿನ ದೀಪ ಇನ್ನೂ ನ್ಯಾಮತಿಯಲ್ಲೇ ಇರುತ್ತದೆ ಎಂದು ಗೋದಾಮಿನ ಹಮಾಲರು ಆಡಿಕೊಳ್ಳುತ್ತಾರೆ. ಸ್ಟೇರಿಂಗು ಎಡಗಡೆ. ಬಾಗಿಲುಗಳ ನಡುವೆ ಮೊಣಕಾಲೆತ್ತರದ ಗೂಟ ಬಿಟ್ಟರೆ ಚಾವಣಿವರೆಗೆ ಕಂಬವೇ ಇಲ್ಲ. ಗಾಜು ಇಳಿಸಿದರೆ ಎಲ್ಲ ಒಂದೇ ಬಯಲು. ನೋಡಲು ಚೆಂದ. ಆದರೆ ನಡುಗಂಬ ಇಲ್ಲದ ಮನೆಗೆ ಎಷ್ಟು ಧೈರ್ಯ ಇರುತ್ತದೆ ಹೇಳಿ? ಸಾಲದ್ದಕ್ಕೆ ಮಾವ ಅದರ ಕೆಟ್ಟುಹೋದ ಇಂಜಿನ್ನು ಕಿತ್ತು, ಮುಂಬೈ ಗುಜರಿಯಿಂದ ಅದಕ್ಕಿಂತ ಎರಡು ಪಟ್ಟು ಬಲದ ಎಂಟು ಸಿಲಿಂಡರಿನ ಇಂಜಿನ್ನು ತಂದು ಕೂರಿಸಿದ. ಎತ್ತಿನ ಗಾಡಿಗೆ ಆನೆ ಕಟ್ಟಿದರೆ ಗಾಡಿ ಓಡುತ್ತದೆ, ನಿಜ. ನೊಗ ಉಳಿಯಬೇಕಲ್ಲ?

ನಾನು ಮೊದಲ ಸಲ ಅದರಲ್ಲಿ ಕೂತದ್ದು ಒಂದು ಬೇಸಿಗೆಯಲ್ಲಿ. ಅಮ್ಮನನ್ನೂ ನನ್ನನ್ನೂ ನ್ಯಾಮತಿಯಿಂದ ಜಗಳೂರಿಗೆ ತಾನೇ ಬಿಟ್ಟು ಬರುತ್ತೇನೆಂದು ಮಾವ ಹಟ ಹಿಡಿದ. ಹೊರಡುವಾಗ, "ಹಿಂದೆ ಎಡಗಡೆ ಬಾಗ್ಲ ಹತ್ರ ಯಾರೂ ಕೂರಬ್ಯಾಡ್ರಿ" ಎಂದ. ಯಾಕೆ ಎಂದು ಕೇಳಿದರೆ, "ಹೇಳಿದಷ್ಟು ಕೇಳು" ಎಂದ. ಅಮ್ಮ ನಡುವೆ, ನಾನು ಬಲಕ್ಕೆ. ಎಡಗಡೆ ಖಾಲಿ.

ಹೊನ್ನಾಳಿ ಇನ್ನೂ ಸ್ವಲ್ಪ ದೂರ ಇರುವಾಗ ದಾರಿಯಲ್ಲಿ ಒಂದು ಚಾನಲ್ ಇದೆ. ಚಾನಲ್ ಎಂದರೆ ನೀರಾವರಿ ಕಾಲುವೆ. ಅದರ ಕಿರುಸೇತುವೆ ದಾಟಿದ ಕೂಡಲೇ ರಸ್ತೆ ಬಲಕ್ಕೆ ಹೊರಳಿ ಏರುತ್ತದೆ. ಸರಿಯಾಗಿ ನಡುಮಧ್ಯಾಹ್ನ. ಚಾನಲ್ಲಿನಲ್ಲಿ ನೀರು ನಿಲ್ಲಿಸಿದ್ದರು. ಎಲೆ ಅಲ್ಲಾಡುತ್ತಿರಲಿಲ್ಲ, ಒಂದು ಹಕ್ಕಿಯ ಸದ್ದಿಲ್ಲ, ಹಿಂದೆ ಮುಂದೆ ಇನ್ನೊಂದು ಗಾಡಿಯಿಲ್ಲ. ತಿರುವಿನಲ್ಲಿ ಒಂದು ಜಾಲಿಮರ. ಅದರ ಕೆಳಗೆ, ಬೇಯಿಸಿದ ಶೇಂಗಾದ ಬುಟ್ಟಿ ಪಕ್ಕಕ್ಕಿಟ್ಟುಕೊಂಡು ಒಬ್ಬ ಅಜ್ಜಿ ನೆಟ್ಟಗೆ ನಿಂತಿದ್ದಳು. ಬಸ್ಸಿಗೆ ಅಡ್ಡ ಹಿಡಿಯುವ ಹಾಗೆ ಒಂದು ಕೈ ಚಾಚಿದ್ದಳು. ಆದರೆ ಅವಳು ನಮ್ಮನ್ನು ನೋಡುತ್ತಿರಲಿಲ್ಲ. ಅವಳ ಕಣ್ಣು ಹಿಂದಿನ ಬಾಗಿಲಿನ ಮೇಲಿತ್ತು.

ಮಾವ ಎರಡನೇ ಗೇರಿಗೆ ಇಳಿಸಿ ಎಕ್ಸಲೇಟರ್ ಒತ್ತಿದ. ನಮ್ಮ ಕಾಲಡಿಯಿಂದ ಒಂದು ನರಳಾಟ ಎದ್ದಿತು. ಇಂಜಿನ್ನಿನ ಸದ್ದಲ್ಲ, ಬೇರೆಯೇ. ನೋವು ತಡೆದುಕೊಂಡವರು ಹಲ್ಲು ಕಚ್ಚಿ ನರಳುವ ಸದ್ದು. ಆಮೇಲೆ "ಟಕ್". ಎಡಗಡೆಯ ಬಾಗಿಲು ತೆರೆಯಿತು. ಫಟ್ಟನೆ ಅಲ್ಲ, ನಿಧಾನವಾಗಿ, ಹೊರಗೆ ಯಾರೋ ಹಿಡಿಕೆ ಹಿಡಿದು ಮರ್ಯಾದೆಯಿಂದ ತೆರೆದ ಹಾಗೆ. ಬಿಸಿ ಗಾಳಿ ಮುಖಕ್ಕೆ ಬಡಿಯಿತು. ಖಾಲಿ ಸೀಟಿನ ಸ್ಪ್ರಿಂಗು "ಕಿರ್ರ್" ಎಂದಿತು. ಕಾರು ಏರು ಹತ್ತಿ ವೇಗ ಹಿಡಿಯುತ್ತಲೇ ಗಾಳಿಗೆ ಬಾಗಿಲು "ಧಡ್" ಎಂದು ಮುಚ್ಚಿಕೊಂಡಿತು. ಮಾವ ಹಿಂತಿರುಗಿಯೂ ನೋಡಲಿಲ್ಲ.

ಅಮ್ಮ ಮೊಣಕೈಯಿಂದ ನನ್ನನ್ನು ತಿವಿದಳು. "ಸರಕಳೇ ಅತ್ಲಾಗೆ."

"ಯಾಕಮ್ಮ?"

"ಅವ್ರಿಗೆ ಜಾಗ ಆಗ್ಬೇಕಲ್ಲ!"

"ಯಾರಿಗೆ?"

"ಯಾರಿಗೋ! ಹತ್ತಿದ್ರಲ್ಲ ಈಗ!"

ಜಗಳೂರಿನವರೆಗೆ ನಾನು ಬಲಗಡೆ ಬಾಗಿಲಿಗೆ ಅಂಟಿಕೊಂಡೇ ಬಂದೆ. ಟಾರ್ಕು, ಘರ್ಷಣೆ, ವೇಗೋತ್ಕರ್ಷ, ನಾನು ಹೇಳುವ ಪಾಠಗಳೆಲ್ಲ ಹೊನ್ನಾಳಿಯಲ್ಲೇ ಇಳಿದುಹೋಗಿದ್ದವು. ಮನೆ ಮುಂದೆ ಇಳಿಯುವಾಗ ಅಮ್ಮ ಸೆರಗು ಸರಿಮಾಡಿಕೊಂಡು, ಖಾಲಿ ಸೀಟಿನ ಕಡೆ ತಿರುಗಿ, "ಬರ್ತೀವಿ" ಎಂದು ಹೇಳಿ ಇಳಿದಳು.

"ದೆವ್ವಾನೂ ಇಲ್ಲ ಗಿವ್ವಾನೂ ಇಲ್ಲ" ಎಂದು ಮಾವ ಊಟಕ್ಕೆ ಕೂತು ಬೈದ. "ಬಾಡಿ ಟ್ವಿಸ್ಟು! ಇಂಜಿನ್ನು ಮುಂದ್ಗಡೆ ಒಂದು ಕಡಿಗೆ ಹೊರಳಾಕೆ ನೋಡ್ತೈತೆ, ಹಿಂದಿನ ಅಚ್ಚು ಇನ್ನೊಂದು ಕಡಿಗೆ. ನಡುವೆ ಬಾಡಿ ಏನು ಮಾಡ್ಬೇಕು? ನಿಮ್ಮಮ್ಮ ಒದ್ದೆ ಸೀರೆ ಹಿಂಡಂಗಿಲ್ವಾ, ಹಂಗೆ ಹಿಂಡಿಸ್ಕಂತೈತೆ. ಬಾಗ್ಲಿನ ಚೌಕಟ್ಟು ಸೊಟ್ಟ ಆಗಿ ಚಿಲಕ ಜಾರ್ತೈತೆ. ಎಲ್ಲಾ ಕಡೆ ಆಗಲ್ಲ. ಏರು, ತಿರುವು, ಎಕ್ಸಲೇಟರು ಮೂರೂ ಸೇರಿದ ಕಡೆ ಮಾತ್ರ. ಆ ಚಾನಲ್ ತಿರುವಿನಾಗೆ ಮೂರೂ ಸೇರ್ತಾವೆ." ಮಾತು ಒಪ್ಪುವಂಥದ್ದೇ. ಆದರೂ ಅಮ್ಮ ಆ ದಿನ ಒಂದು ಎಲೆ ಹೆಚ್ಚಿಗೆ ಹಾಕಿದ್ದಳು.

ಕಾರನ್ನು ಗಟ್ಟಿ ಮಾಡಬೇಕೆಂದು ಮಾವ ಆಗಲೇ ನಿರ್ಧರಿಸಿದ್ದ. ಆದರೆ ಯಾವ ಕೆಲಸವನ್ನೂ ಅಳೆಯದೆ ಮಾಡುವವನಲ್ಲ. ದಸರಾ ರಜೆಯಲ್ಲಿ ನಾನು ನ್ಯಾಮತಿಗೆ ಹೋದಾಗ ಮುಸ್ಸಂಜೆ. ಗೋದಾಮಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಕಾಲಿಟ್ಟವಳು ಅಲ್ಲೇ ನಿಂತೆ. ಕಪ್ಪು ಕಾರು ಕಲ್ಲುಗಳ ಮೇಲೆ ಎತ್ತರಕ್ಕೆ ನಿಂತಿತ್ತು. ಅದರ ಹೊಟ್ಟೆಯಿಂದ ಕೆಂಪು ದಾರಗಳು ಇಳಿಬಿದ್ದಿದ್ದವು. ಒಂದೊಂದು ದಾರದ ತುದಿಗೂ ಒಂದೊಂದು ನಿಂಬೆಹಣ್ಣು, ಒಂದೊಂದು ನಿಂಬೆಹಣ್ಣಿಗೂ ಚುಚ್ಚಿದ ಸೂಜಿ! ಗಾಳಿಯಿಲ್ಲದ ಗೋದಾಮಿನಲ್ಲಿ ಅವು ಮೆಲ್ಲಗೆ ತೂಗುತ್ತಿದ್ದವು. ನೆಲದ ಮೇಲೆ ಸುಣ್ಣದ ಚುಕ್ಕಿ, ಚುಕ್ಕಿಯಿಂದ ಚುಕ್ಕಿಗೆ ಓರೆ ಗೆರೆ. ಕತ್ತಲಲ್ಲಿ ಎಲ್ಲೋ ಲೋಹ ತಣ್ಣಗಾಗುವ "ಟಿಕ್, ಟಿಕ್". ಅದರ ನಡುವೆ ನೆಲದಿಂದ ಒಂದು ಧ್ವನಿ ಬಂತು: "ಯಾರು? ಮುಂದೆ ಬರಬ್ಯಾಡ, ದಾಟಬ್ಯಾಡ!"

ಕಿರುಚಿದೆ. ಮಾವ ಕಾರಿನ ಕೆಳಗಿಂದ ತಲೆ ಹೊರಗೆ ಹಾಕಿ, "ಯಾಕೆ ಕಿರುಚ್ತೀಯ? ದಾರ ಅಲ್ಲಾಡ್ತೈತೆ" ಎಂದ.

ಅವನ ತೂಗುಗುಂಡು ಕಳೆದುಹೋಗಿತ್ತಂತೆ. ಚಾಸಿಯ ಮೂಲೆಗಳಿಂದ ನೇರ ನೆಲಕ್ಕೆ ಗುರುತು ಇಳಿಸಬೇಕು. ಆಮೇಲೆ ಈ ಮೂಲೆಯಿಂದ ಆ ಮೂಲೆಗೆ, ಆ ಮೂಲೆಯಿಂದ ಈ ಮೂಲೆಗೆ ಅಳೆಯಬೇಕು. ಎರಡೂ ಅಳತೆ ಸಮ ಬಂದರೆ ಚಾಸಿ ನೆಟ್ಟಗಿದೆ ಎಂದು ಲೆಕ್ಕ. "ನಿಂಬೆಹಣ್ಣು ದುಂಡಗೈತೆ, ತೂಕ ಐತೆ, ತುದಿಗೆ ಸೂಜಿ ಚುಚ್ಚಾಕೆ ಬರ್ತೈತೆ. ಇನ್ನೇನು ಬೇಕು?" ಎಂದ. ಇನ್ನೇನೂ ಬೇಡವಾಗಿತ್ತು, ಅಷ್ಟಕ್ಕೇ ಹಮಾಲರೆಲ್ಲ ಮಧ್ಯಾಹ್ನವೇ ಮೂಟೆ ಬಿಟ್ಟು ಓಡಿದ್ದರು!

ಮರುದಿನ ಬೆಳಿಗ್ಗೆ ಮಾವನೇ ಹೆದರಿ ಬೆಳ್ಳಗಾದ. ನಾನು ಕಂಡಂತೆ ಅವನು ಹೆದರಿದ್ದು ಅದೊಂದೇ ಸಲ. ಅಳತೆಪಟ್ಟಿ ಕೈಯಲ್ಲೇ ಇತ್ತು. "ರಾತ್ರಿ ಒಂದರಾಗೆ ಎರಡು ಬೆರಳು ತಿರುಚೈತೆ! ನಿಂತಲ್ಲೇ! ಯಾರೂ ಮುಟ್ಟದೆ!" ಎನ್ನುತ್ತಾ ಮತ್ತೆ ಮತ್ತೆ ಅಳೆದ. ಆಮೇಲೆ ಗೊತ್ತಾಯಿತು, ಹಿರಿಯ ಹಮಾಲನೊಬ್ಬ ಬೆಳಗಿನ ಜಾವವೇ ಹೆಂಡತಿಯನ್ನು ಕರೆತಂದು, ಮಾಟ ಮುರಿಯಲೆಂದು ಸುಣ್ಣದ ಚುಕ್ಕಿಗಳನ್ನು ಸೆಗಣಿಯಲ್ಲಿ ಸಾರಿಸಿ, ಅವುಗಳ ಜಾಗದಲ್ಲಿ ಅಂದಾಜಿಗೆ ಅರಿಶಿನ ಕುಂಕುಮದ ಬೊಟ್ಟಿಟ್ಟು ಹೋಗಿದ್ದ. ನಮ್ಮ ಮಾವ ಆ ಬೊಟ್ಟುಗಳನ್ನು ಭಕ್ತಿಯಿಂದ ಅಳೆಯುತ್ತಿದ್ದ! ಅಷ್ಟಕ್ಕೇ ಮುಗಿಯಲಿಲ್ಲ. ಸಂಜೆ ಒಬ್ಬ ರೈತ ಬಂದು, "ನಮ್ಮ ಎಮ್ಮೆ ಬಲು ಒದೀತೈತ್ರೀ, ಒಂದು ನಿಂಬೆಹಣ್ಣು ಕೊಡ್ರಿ" ಎಂದು ಕೈಮುಗಿದ. ಮಾವ ಬೇಜಾರಿನಿಂದ ಸೂಜಿ ಕಿತ್ತುಕೊಂಡು ಹಣ್ಣು ಕೊಟ್ಟ. ಎಮ್ಮೆ ಒದೆಯುವುದನ್ನು ನಿಲ್ಲಿಸಿತು ಎಂಬುದು ಇಂದಿಗೂ ಮಾವನಿಗೆ ಅವಮಾನದ ವಿಷಯ.

ಆದರೆ ನಗುವಂಥದ್ದಲ್ಲದ ಒಂದು ಸಂಗತಿ ಅದೇ ವಾರ ಸಿಕ್ಕಿತು. ಎಡಗಡೆಯ ಗೂಟದ ಬುಡದಲ್ಲಿ ಬಣ್ಣ ಕೆರೆದಾಗ ಕೂದಲೆಳೆಯಷ್ಟು ಬಿರುಕು ಕಂಡಿತು. ಅದರ ತುದಿಗೆ ಮಾವ ಸೀಮೆಸುಣ್ಣದ ಗುರುತು ಹಾಕಿದ. ಹೊನ್ನಾಳಿಗೆ ಒಮ್ಮೆ ಹೋಗಿ ಬಂದು ನೋಡಿದರೆ ಬಿರುಕು ಗುರುತು ದಾಟಿತ್ತು. ಮತ್ತೆ ಗುರುತು, ಮತ್ತೆ ದಾಟಿತ್ತು. ಮುಂದಿನ ಗಾಜಿನ ಮೂಲೆಯಲ್ಲೂ ಒಂದು ಗೀರು ಬೆಳೆಯುತ್ತಿತ್ತು. "ಯಾವತ್ತೋ ಒಂದು ದಿನ ಆ ತಿರುವಿನಾಗೆ ಇದು ಎರಡು ತುಂಡಾಗ್ತೈತೆ. ನಾನೂ" ಎಂದ ಮಾವ, ಜೋಳದ ರೇಟು ಹೇಳುವ ಧ್ವನಿಯಲ್ಲಿ. ಚನ್ನಗಿರಿಯಿಂದ ಬೆಸುಗೆಯವನಿಗೆ ಹೇಳಿಕಳಿಸಿದ.

ಸುದ್ದಿ ಹೇಗೆ ಹೋಯಿತೋ! ಎರಡು ದಿನಕ್ಕೆ ಗೋದಾಮಿನ ಬಾಗಿಲಲ್ಲಿ ಆ ತಿರುವಿನ ಅಜ್ಜಿ ಬಂದು ನಿಂತಳು. ಟವೆಲಿನಲ್ಲಿ ಶೇಂಗಾ ಕಟ್ಟಿಕೊಂಡು ಬಸ್ಸಿನಲ್ಲಿ ಬಂದಿದ್ದಳು. ಒಳಗೆ ಬಂದವಳು ಕಾರನ್ನು ನೋಡಲಿಲ್ಲ, ಸೀದಾ ಎಡಗಡೆಯ ಬಾಗಿಲಿನ ಹತ್ತಿರ ಹೋಗಿ ಅದರ ಮೇಲೆ ಅಂಗೈ ಇಟ್ಟಳು.

"ಬಾಗ್ಲಿಗೆ ಬೆಸುಗೆ ಹಾಕ್ತೀಯಂತೆ?"

"ಬಾಗ್ಲಿಗಲ್ಲ ಅಜ್ಜಿ, ಚಾಸಿಗೆ. ಚಾಸಿ ಗಟ್ಟಿ ಆದ್ರೆ ಬಾಗ್ಲು ತಾನಾಗಿ ತೆಗಿಯಾದು ನಿಲ್ತೈತೆ."

"ಅದ್ನೇ ಹೇಳಾಕೆ ಬಂದೆ. ನಿಲ್ಲಿಸಬ್ಯಾಡ."

ಅವಳ ಮಗ ಆ ಜಾಲಿಮರದ ಕೆಳಗೆ ಬಸ್ಸಿಗೆ ಕಾದಿದ್ದನಂತೆ. ಹೊನ್ನಾಳಿಯ ಬಟ್ಟೆ ಅಂಗಡಿಯಲ್ಲಿ ಕೆಲಸ ಸಿಕ್ಕಿತ್ತು, ಮೊದಲ ದಿನ, ಹೊಸ ಅಂಗಿ. ಕೈ ಅಡ್ಡ ಹಿಡಿದ. ತಿರುವಿನಲ್ಲಿ ಬಸ್ಸು ನಿಲ್ಲಿಸುವುದಿಲ್ಲ, ನಿಲ್ಲಿಸಲಿಲ್ಲ. ಬಸ್ಸಿನ ಹಿಂದೆ ಮರೆಯಲ್ಲಿ ಲಾರಿ ಬರುತ್ತಿದ್ದುದು ಹುಡುಗನಿಗೆ ಕಾಣಲಿಲ್ಲ. ಅವಳು ಇದನ್ನು ಅಳದೆ ಹೇಳಿದಳು. ಕೇಳುತ್ತಾ ನಾನೇ ಅತ್ತುಬಿಟ್ಟೆ.

"ಅವತ್ಲಿಂದ ಅಲ್ಲೇ ನಿಂತವ್ನೆ. ಒಂದು ಬಸ್ಸೂ ನಿಲ್ಸಂಗಿಲ್ಲ. ನಿನ್ನ ಕಾರೊಂದೇ ಬಾಗ್ಲು ತೆಗೆದು ಹತ್ತಿಸ್ಕಂತೈತೆ. ನಾನು ಕಣ್ಣಾರೆ ನೋಡ್ತೀನಲ್ಲ."

ಮಾವ ಏನು ಮಾಡಬೇಕು? ಅವನಿಗೆ ಗೊತ್ತಿದ್ದದ್ದು ಒಂದೇ. ಬೆಂಕಿಪೊಟ್ಟಣ ತೆಗೆದು, ಒಳಗಿನ ಖಾಲಿ ಗೂಡನ್ನು ಬೆರಳಲ್ಲಿ ಹಿಂಡಿ ತೋರಿಸಿದ. ನೋಡಜ್ಜಿ, ಹಿಂಗೆ ತಿರುಚ್ತೈತೆ. ಮೇಲಿನ ಕವಚ ಹಾಕಿದ್ರೆ ನೋಡು, ತಿರುಚಂಗಿಲ್ಲ. ಇದು ಇಂಜಿನ್ನು, ಇದು ಅಚ್ಚು, ಇಲ್ಲಿ ಚಿಲಕ ಜಾರಾದು. ಬಾಲವಾಡಿಯ ಮಗುವಿಗೆ ಹೇಳುವ ಹಾಗೆ ಎಲ್ಲವನ್ನೂ ಬಿಡಿಸಿ ಹೇಳಿದ. ಅಜ್ಜಿ ಪೂರ್ತಿ ಕೇಳಿದಳು. ತಲೆಯನ್ನೂ ಆಡಿಸಿದಳು.

"ನೀ ಹೇಳಾದು ದಿಟ ಇರಬೌದಪ್ಪ. ಬಾಗ್ಲು ಯಾತಕ್ಕೆ ತೆಗಿತೈತೆ ಅಂತ ಹೇಳ್ದೆ. ಯಾರಿಗೆ ತೆಗಿತೈತೆ ಅಂತ ನಿನಗೇನು ಗೊತ್ತು?"

ಮಾವ ಬೆಂಕಿಪೊಟ್ಟಣವನ್ನು ಮತ್ತೆ ಕಿಸೆಗೆ ಹಾಕಿಕೊಂಡ. ಕೊನೆಗೆ ಗೂಟದ ಬುಡದ ಬಿರುಕನ್ನು ತೋರಿಸಿ, "ಹಿಂಗೇ ಬಿಟ್ರೆ ಕಾರು ಮುರಿತೈತಜ್ಜಿ. ಅದೇ ತಿರುವಿನಾಗೆ ನಾನೂ ನಿಲ್ಬೇಕಾಗ್ತೈತೆ" ಎಂದ. ಅಜ್ಜಿ ಬಗ್ಗಿ ಬಿರುಕನ್ನು ನೋಡಿದಳು, ಅವನ ಮುಖವನ್ನೂ ನೋಡಿದಳು. "ಹಂಗಾದ್ರೆ ಮಾಡಿಸ್ಕಳಪ್ಪ. ನಿಮ್ಮೋರಿಗೂ ನೀನು ಬೇಕಲ್ಲ" ಎಂದು, ಶೇಂಗಾದ ಗಂಟನ್ನು ಬಾನೆಟ್ಟಿನ ಮೇಲಿಟ್ಟು, ತಿರುಗಿ ನೋಡದೆ ಹೋದಳು.

ನನಗೆ ತಡೆಯಲಿಲ್ಲ. "ಮಾವ, ಆ ಒಂದು ಮೂಲೇನ ಸ್ವಲ್ಪ ಸಡಿಲ ಬಿಡು" ಎಂದೆ. ಅವನು ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. "ವಿಜ್ಞಾನ ಹೇಳಾಕಿ ನೀನು! ಮೂರು ಮೂಲೆ ಗಟ್ಟಿ ಮಾಡಿ ಒಂದು ಮೂಲೆ ಬಿಟ್ರೆ ಎಲ್ಲಾ ಭಾರ ಅಲ್ಲಿಗೇ ಬೀಳ್ತೈತೆ, 'ಸ್ವಲ್ಪ' ಅಂತ ಇಲ್ಲ ಇದ್ರಾಗೆ" ಎಂದು ರೇಗಿದ. ಸರಿಯೇ ಹೇಳಿದ. ಆದರೂ ನನಗೆ ಆ ಕ್ಷಣ ಅವನ ಮೇಲೆ ಕೆಟ್ಟ ಸಿಟ್ಟು ಬಂತು.

ಚನ್ನಗಿರಿಯ ಬೆಸುಗೆಯವನು ಬಂದ ಬೆಳಿಗ್ಗೆ ಇನ್ನೊಂದು ಪ್ರಹಸನ. ಕಾರು ತನ್ನ ಗಾಲಿಗಳ ಮೇಲೇ ನಿಂತಿರಬೇಕು, ಒಳಗೆ ಜನ ಕೂತಷ್ಟು ಭಾರ ಇರಬೇಕು, ಬಾಗಿಲ ಕಂಡಿಗಳಿಗೆ ಅಡ್ಡಪಟ್ಟಿ ಕೊಟ್ಟಿರಬೇಕು, ಆಗಲೇ ಬೆಸುಗೆ ಎಂಬುದು ಮಾವನ ಕಾನೂನು. ಹಾಗಾಗಿ ಸೀಟುಗಳ ಮೇಲೆಲ್ಲ ಜೋಳದ ಮೂಟೆ ಕೂರಿಸಿದ್ದ. ಧೂಳಾಗದಿರಲಿ ಎಂದು ಹಮಾಲರು ಅವುಗಳ ತಲೆಗೆ ಟವೆಲು ಸುತ್ತಿದ್ದರು. ಬೆಸುಗೆಯವನು ಅರೆಗತ್ತಲೆಯಲ್ಲಿ ಒಳಗೆ ಬಂದು, ಸ್ವಲ್ಪ ಹೊತ್ತು ಕಾದು, "ಸಾರ್, ಯಜಮಾನ್ರಿಗೆ ಇಳಿಯಾಕೆ ಹೇಳ್ರಿ. ಕಿಡಿ ಹಾರ್ತೈತೆ" ಎಂದ. ಯಾರೂ ಇಳಿಯಲಿಲ್ಲ. ಹತ್ತಿರ ಹೋಗಿ ಬಗ್ಗಿ ನೋಡಿದವನು ಎರಡು ಹೆಜ್ಜೆ ಹಿಂದಕ್ಕೆ ಹಾರಿದ!

ಎಡಗಡೆಯ ಹಿಂದಿನ ಸೀಟು ಮಾತ್ರ ಖಾಲಿ ಇತ್ತು. "ಇಲ್ಲಿಗೆ ಮೂಟೆ ಬ್ಯಾಡ್ವಾ ಸಾರ್?" ಎಂದು ಕೇಳಿದರೆ ಮಾವ, "ಅಲ್ಲಿ ಭಾರ ಕಮ್ಮಿ" ಎಂದಷ್ಟೇ ಹೇಳಿ ಬೇರೆ ಕಡೆ ನೋಡಿದ.

ಚಾಸಿಯ ಮುಂದಿನ ತೊಲೆಯಿಂದ ಹಿಂದಿನ ತೊಲೆಗೆ ಚೌಕಪೈಪು, ಮೂಲೆಮೂಲೆಗೆ ತ್ರಿಕೋನದ ತಗಡು, ಬಾಯಿ ತೆರೆದ ತೊಲೆಗಳಿಗೆ ಮುಚ್ಚಳ. ಬೆರಳುದ್ದ ಬೆಸುಗೆ ಹಾಕಿ ಬಿಡಬೇಕು, ಎದುರು ಮೂಲೆಗೆ ಹೋಗಿ ಬೆರಳುದ್ದ ಹಾಕಬೇಕು, ಕಾಯಬೇಕು. ಒಂದೇ ಕಡೆ ಕಾಯಿಸಿದರೆ ಕಬ್ಬಿಣ ಆ ಕಡೆಗೇ ಎಳೆದುಕೊಳ್ಳುತ್ತದೆ. "ಒಂದ್ಸಲ ಎಳೆದ್ರೆ ಮಧ್ಯಾನ್ನಕ್ಕೆ ಮುಗಿತೈತ್ರೀ" ಎಂದು ಬೆಸುಗೆಯವನು ಗೋಳಾಡಿದ. ಮಾವ ಕೇಳಲಿಲ್ಲ. ನೀಲಿ ಬೆಳಕು ಮಿಂಚಿದಾಗಲೆಲ್ಲ ಗೋಡೆಯ ಮೇಲೆ ಟವೆಲು ಸುತ್ತಿದ ತಲೆಗಳ ನೆರಳು ಏಳುತ್ತಿತ್ತು, ಬೀಳುತ್ತಿತ್ತು. ಎಲ್ಲರ ನೆರಳೂ ಏಳುತ್ತಿತ್ತು, ಮೂಲೆಯ ಖಾಲಿ ಸೀಟೊಂದನ್ನು ಬಿಟ್ಟು. ನಾನು ಎಣಿಸಬಾರದೆಂದುಕೊಂಡೂ ಪ್ರತಿಸಲ ಎಣಿಸಿದೆ.

ಕೆಲಸ ಮುಗಿದ ಮೇಲೆ ಮಾವ ಜ್ಯಾಕು ಕೊಟ್ಟು ಒಂದು ಮೂಲೆಯನ್ನು ಗಾಳಿಗೆ ಎತ್ತಿದ. ನಾಲ್ಕೂ ಬಾಗಿಲು ತೆರೆದ, ಮುಚ್ಚಿದ. ಬೀರುವಿನ ಬಾಗಿಲಿನ ಹಾಗೆ ಮುಚ್ಚಿಕೊಂಡವು. ಕೂದಲೆಳೆಯಷ್ಟೂ ತಿರುಚಿಲ್ಲ. ಇಷ್ಟು ವರ್ಷ ಇದಕ್ಕಾಗಿ ಒದ್ದಾಡಿದವನು ಕುಣಿಯಬೇಕಿತ್ತು. ಅವನು ಎಡಗಡೆಯ ಬಾಗಿಲನ್ನು ಇನ್ನೊಮ್ಮೆ ತೆರೆದು, ಮುಚ್ಚಿ, ಟೀ ಕುಡಿಯಲು ಹೋದ. ನಾನು ಅದೇ ಸಂಜೆ ಬಸ್ಸು ಹಿಡಿದು ಜಗಳೂರಿಗೆ ಬಂದೆ; ಚಾನಲ್ ತಿರುವು ಬಂದಾಗ ಕಣ್ಣು ಮುಚ್ಚಿಕೊಂಡೆ.

ದೀಪಾವಳಿಗೆ ಮತ್ತೆ ಹೋಗಿದ್ದೆ. ಹಬ್ಬ ಮುಗಿದ ಮೇಲೆ ಮಾವ, "ಬಾ, ಬಿಟ್ಟು ಬರ್ತೀನಿ" ಎಂದ. ಮುಂದಿನ ಸೀಟಿನಲ್ಲಿ, ಅವನ ಬಲಕ್ಕೆ ಕೂತೆ. ಕಾರು ಎಷ್ಟು ಮೌನವಾಗಿತ್ತೆಂದರೆ ನನಗೆ ಹಳೆಯ ನರಳಾಟವೇ ವಾಸಿ ಎನಿಸಿತು. ಬೆಳಗಿನ ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ಚಾನಲ್ಲಿನಲ್ಲಿ ನೀರು ತುಂಬಿ ಸದ್ದಿಲ್ಲದೆ ಹರಿಯುತ್ತಿತ್ತು. ಸೇತುವೆ ದಾಟಿದೆವು. ಜಾಲಿಮರ. ಮಂಜಿನೊಳಗಿಂದ ಮೊದಲು ಚಾಚಿದ ಕೈ ಕಾಣಿಸಿತು, ಆಮೇಲೆ ಅಜ್ಜಿ. ಬಾಗಿಲು ಇನ್ನು ತೆರೆಯುವುದಿಲ್ಲ ಎಂದು ಗೊತ್ತಿದ್ದೂ ಯಾಕೆ ನಿಂತಿದ್ದಾಳೆ ಇವಳು? ಅವಳ ಮುಖ ನೋಡಲಾರದೆ ನಾನು ತಲೆ ತಗ್ಗಿಸಿದೆ.

ಮಾವ ಎರಡನೇ ಗೇರಿಗೆ ಇಳಿಸಿದ. ಎಕ್ಸಲೇಟರ್ ಒತ್ತಿದ. ಕಾಲಡಿಯಲ್ಲಿ ಏನೂ ಇಲ್ಲ, ನರಳಿಲ್ಲ, ಮಿಸುಕಿಲ್ಲ.

"ಟಕ್."

ನನ್ನ ಕುತ್ತಿಗೆಯ ಹಿಂದೆ ತಣ್ಣನೆ ಗಾಳಿ ಸುಳಿಯಿತು. ತಿರುಗಿ ನೋಡಿದರೆ ಎಡಗಡೆಯ ಹಿಂದಿನ ಬಾಗಿಲು ತೆರೆದಿತ್ತು! ನಿಧಾನವಾಗಿ, ಅದೇ ಮರ್ಯಾದೆಯಿಂದ. ಮಂಜು ಒಳಗೆ ನುಗ್ಗಿ ಸೀಟಿನ ಮೇಲೆ ಕೂತಿತು. ಜ್ಯಾಕು ಕೊಟ್ಟು ನೋಡಿದ್ದೇವೆ, ತಿರುಚಿಲ್ಲ, ಬಿರುಕಿಲ್ಲ, ಹಾಗಾದರೆ ತೆರೆದವರು ಯಾರು? ಆಗಲೇ ನನ್ನ ಬಾಯಿಂದ ದೇವರ ಹೆಸರುಗಳು ಹೊರಟದ್ದು. ಮನೆದೇವರು, ಗಂಡನ ಮನೆದೇವರು, ಪಕ್ಕದ ಮನೆಯವರ ದೇವರು, ಯಾರನ್ನೂ ಬಿಡಲಿಲ್ಲ. ಮಾವನ ತೋಳು ಹಿಡಿಯಲು ಹೋದೆ. ಆಗ ಕಂಡಿತು: ಅವನ ಬಲಗೈ ಸ್ಟೇರಿಂಗಿನ ಮೇಲಿತ್ತು, ಎಡಗೈ ಇರಲಿಲ್ಲ. ಅದು ಸೀಟಿನ ಪಕ್ಕದಲ್ಲಿ ಕೆಳಗಿಳಿದಿತ್ತು. ಅವನ ಮುಷ್ಟಿಯಿಂದ ಸೈಕಲ್ಲಿನ ಬ್ರೇಕ್ ವೈರೊಂದು ಹೊರಟು, ಬಾಗಿಲಿನ ಅಂಚಿಗೆ ನೀಟಾಗಿ ಕ್ಲಿಪ್ಪು ಹಾಕಿಸಿಕೊಂಡು, ಹಿಂದಿನ ಬಾಗಿಲಿನ ಚಿಲಕದವರೆಗೆ ಹೋಗಿತ್ತು.

ಕನ್ನಡಿಯಲ್ಲಿ ನೋಡಿದೆ. ಅಜ್ಜಿ ಚಾಚಿದ್ದ ಕೈಯನ್ನು ಇಳಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡು, ಶೇಂಗಾದ ಬುಟ್ಟಿಯ ಮುಂದೆ ಕೂರುತ್ತಿದ್ದಳು. ವೇಗ ಹೆಚ್ಚಿತು, ಬಾಗಿಲು "ಧಡ್" ಎಂದು ಮುಚ್ಚಿತು. ಮಾವ ವೈರು ಬಿಟ್ಟು ಎಡಗೈಯನ್ನು ಸ್ಟೇರಿಂಗಿಗೆ ತಂದ. ನನಗೆ ಅವನ ಮೇಲೆ ಎಷ್ಟು ಪ್ರೀತಿ ಬಂತೆಂದರೆ ಹೊನ್ನಾಳಿ ದಾಟುವವರೆಗೂ ಕಿಟಕಿಯ ಹೊರಗೇ ನೋಡುತ್ತಾ ಕೂತೆ.

ಜಗಳೂರು ಮುಟ್ಟಿದಾಗ ಮಧ್ಯಾಹ್ನ. ಊಟ ಹಾಕಿದೆ. "ಇವತ್ತು ಇಲ್ಲೇ ಉಳ್ಕೋ ಮಾವ, ಅಷ್ಟು ದೂರ ಓಡಿಸಿದೀಯ, ನಾಳೆ ಹೋದರಾಯಿತು" ಎಂದೆ. ಅವನು ಎಲೆ ಮಡಿಸಿ, ಕೈ ತೊಳೆದು, ಆಗಲೇ ಚಪ್ಪಲಿ ಮೆಟ್ಟುತ್ತಿದ್ದ.

"ಇಲ್ಲವ್ವ. ಕತ್ಲಾಗಾದ್ರೊಳಗೆ ಆ ಹುಡುಗನ್ನ ಅವರಮ್ಮನ ಹತ್ರ ಬಿಡ್ಬೇಕು."